ಸೊರಬದ ಮದುವೆಯಲ್ಲಿ ಬೇಸ್ ಗಿಟಾರ್

ಶಿಕಾರಿಪುರದಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ ಗಂಗಾಧರಪ್ಪನವರ ಮಗಳು ಗಂಗಾಶ್ರೀ, ರೇಣುಕಾಪ್ರಸಾದರ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದಳು. ತೊಂಬತ್ತರ ದಶಕದ ಮೊದಲ ವರ್ಷಗಳವು. ಆ ಕಡೆ ಹೆಣ್ಣುಮಕ್ಕಳು ವೇದಿಕೆ ಹತ್ತಿ ಹಾಡಿದರೇ ನಾಲ್ಕು ಮಾತು ಬರುತ್ತಿತ್ತು. ಕೊರಳಿಗೆ ವಾದ್ಯ ನೇತುಹಾಕಿಕೊಂಡು ಗಂಡಸರ ಸಾಲಿನಲ್ಲಿ ನಿಂತವಳನ್ನು ಯಾರೂ ಕಂಡಿರಲಿಲ್ಲ. ಗಂಗಾಶ್ರೀಯನ್ನು ಕಂಡವರು ಅವಳಿಗೆ ಸೊಕ್ಕು ಎಂದರು. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಕೇಳಿದ್ದಕ್ಕೆ ಕೆಲವೊಮ್ಮೆ ಉತ್ತರವೇ ಇಲ್ಲ.

ನಿಜ ಬೇರೆಯೇ ಇತ್ತು. ಹೈಸ್ಕೂಲಿನಲ್ಲಿದ್ದಾಗ ಬಂದ ಜ್ವರವೊಂದು ಅವಳ ಕಿವಿಯನ್ನು ಅರ್ಧಕ್ಕರ್ಧ ಕಿತ್ತುಕೊಂಡು ಹೋಗಿತ್ತು. ಹಕ್ಕಿಗಳ ಕೂಗು, ಸೈಕಲ್ ಬೆಲ್ಲು, ಮಕ್ಕಳ ಮಾತು, ಅಡುಗೆಮನೆಯಿಂದ ತಾಯಿ ರಾಜೇಶ್ವರಮ್ಮ ಕರೆಯುವುದು, ಎಲ್ಲ ಅಳಿಸಿಹೋಗಿದ್ದವು. ಉಳಿದದ್ದು ದಪ್ಪ ಸದ್ದುಗಳು ಮಾತ್ರ: ಲಾರಿ, ಹಿಟ್ಟಿನ ಗಿರಣಿ, ಗಂಡಸರ ದನಿ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಅಪ್ಪ ಅಂಗಡಿಯಲ್ಲಿ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಹಾಕಿ ನೋಡುವಾಗ ಅವಕ್ಕೆ ಬೆನ್ನು ಆನಿಸಿಕೊಂಡು ಕೂರುವುದು ಅವಳಿಗೆ ರೂಢಿ. ಯಾರೋ ಬಿಟ್ಟುಹೋಗಿದ್ದ ಹಳೆಯ ಬೇಸ್ ಗಿಟಾರೊಂದು ಅಲ್ಲೇ ಕೈಗೆ ಸಿಕ್ಕಿತು. ಅದರ ದಪ್ಪ ತಂತಿ ಮೀಟಿದರೆ ನಾದ ಕಿವಿಗಿಂತ ಮೊದಲು ಅಂಗಾಲಿಗೆ ಬಂದು, ಅಲ್ಲಿಂದ ಎದೆಗೂಡಿಗೆ ಏರುತ್ತಿತ್ತು. ಜ್ವರದ ನಂತರ ಅಷ್ಟು ಪೂರ್ತಿಯಾಗಿ ಅವಳಿಗೆ ಇನ್ನೇನೂ ಕೇಳಿಸಿರಲಿಲ್ಲ.

ಬಟ್ಟೆ ಅಂಗಡಿಯ ರೇಣುಕಾಪ್ರಸಾದ್ ಅವಳ ಕೈ ನೋಡಿ ಆರ್ಕೆಸ್ಟ್ರಾಕ್ಕೆ ಸೇರಿಸಿಕೊಂಡರು. ಕಿವಿಯ ವಿಷಯ ಅವಳು ಬಾಯಿ ಬಿಡಲಿಲ್ಲ, ಮನೆಯವರೂ ಬಿಡಲಿಲ್ಲ. ಕಾರ್ಯಕ್ರಮಗಳಲ್ಲಿ ಬೇಸಿನ ದೊಡ್ಡ ಸ್ಪೀಕರ್ ಪೆಟ್ಟಿಗೆಗೆ ತಾಗಿಕೊಂಡೇ, ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದಳು. ಅದು ವಾದ್ಯಕ್ಕೆ ತೋರಿಸುವ ಭಕ್ತಿ ಎಂದು ಉಳಿದವರು ತಿಳಿದಿದ್ದರು.

ಹೀಗೇ ನಡೆದುಕೊಂಡು ಹೋಗುತ್ತಿದ್ದಾಗ ಸೊರಬದ ಆ ಮದುವೆ ಬಂತು. ಹೊಸಬಾಳೆಯ ಕಡೆಯ ದೊಡ್ಡ ಮನೆತನ. ಮುಹೂರ್ತ ಮುಗಿದ ಮೇಲೆ ಊಟದವರೆಗೆ ಹಾಡು ಎಂದು ಮಾತಾಗಿತ್ತು. ಕಲ್ಯಾಣಮಂಟಪದ ಒಂದು ಮೂಲೆಯಲ್ಲಿ ಖಾಲಿ ಎಣ್ಣೆ ಡ್ರಮ್ಮುಗಳ ಮೇಲೆ ಹಲಗೆ ಹಾಸಿ ವೇದಿಕೆ ಮಾಡಿದ್ದರು. ಕರೆಂಟ್ ಇರಲಿಲ್ಲ. ಜನರೇಟರ್ ಶುರುವಾಗುತ್ತಲೇ ಬಲ್ಬುಗಳು ಒಮ್ಮೆ ಕಣ್ಣು ಕುಕ್ಕುವಂತೆ ಉರಿದವು; ಬೇಸಿನ ಪೆಟ್ಟಿಗೆಯ ಹಿಂಬದಿಯಿಂದ ತೆಳ್ಳಗೆ ಹೊಗೆ ಬಂತು. ಗಂಗಾಶ್ರೀ ಓಡಿಹೋಗಿ ಪ್ಲಗ್ ಕಿತ್ತಳು. ಅಷ್ಟರಲ್ಲಿ ಸುಟ್ಟ ವಾಸನೆ ವೇದಿಕೆಯನ್ನೆಲ್ಲ ತುಂಬಿತ್ತು.

ಲೀಡ್ ಗಿಟಾರ್ ನುಡಿಸುವ ಮೊಯಿನ್ ತನ್ನ ಚಿಕ್ಕ ಆಂಪ್ಲಿಫೈಯರನ್ನು ಇನ್ನೂ ಜೋಡಿಸಿರಲಿಲ್ಲ, ಹಾಗಾಗಿ ಅದು ಉಳಿದಿತ್ತು. ಕುರ್ಚಿ ನೇಯುವ ಉಸ್ಮಾನ್ ಸಾಬರ ಮಗ ಅವನು. ಆ ಆಂಪ್ಲಿಫೈಯರಿನ ಮೇಲೆ ಬೇರೆಯವರು ಕೈ ಇಟ್ಟರೂ ಒರೆಸುವವನು.

ರೇಣುಕಾಪ್ರಸಾದ್ ಅವನ ಕಡೆ ನೋಡಿದರು. "ಇವತ್ತೊಂದಿನ ಬೇಸಿಗೆ ಇದನ್ನೇ ಕೊಡಪ್ಪ. ನೀನು ಕರೆಂಟ್ ಬೇಡದ ಆ ಮರದ ಗಿಟಾರು ಹಿಡ್ಕೊಂಡು ಮೈಕ್ ಮುಂದೆ ಕೂತ್ಕೋ."

"ಅಣ್ಣ, ಇದು ಲೀಡ್ ಗಿಟಾರಿಂದು. ದಪ್ಪ ತಂತಿ ಜೋರಾಗಿ ಮೀಟಿದ್ರೆ ಒಳಗಿನ ಸ್ಪೀಕರಿನ ಕಾಗದ ಹರಿದು ಹೋಗ್ತದೆ."

"ಜೋರು ಯಾಕೆ? ಸಣ್ಣಗಿಟ್ಟು ಅದರ ಮುಂದೊಂದು ಮೈಕ್ ಇಡೋಣ. ಜನಕ್ಕೆ ಕೇಳಿಸಿದ್ರೆ ಸಾಕಲ್ಲ."

ಜನಕ್ಕೆ ಕೇಳಿಸಿದರೆ ಸಾಕು. ಆ ಮಾತನ್ನು ಅವರ ತುಟಿಯ ಮೇಲೆ ಓದಿದ ಗಂಗಾಶ್ರೀ ಆ ಚಿಕ್ಕ ಪೆಟ್ಟಿಗೆಯ ಕಡೆ ನೋಡಿದಳು. ಆಗಲ್ಲ ಎನ್ನಬೇಕಿತ್ತು. ಯಾಕೆ ಎಂದು ಕೇಳಿದರೆ? ಸುಮ್ಮನೆ ವೈರ್ ಸಿಕ್ಕಿಸಿದಳು.

ಮೈಕಿನ ಎತ್ತರಕ್ಕೆ ಸರಿಹೋಗಲೆಂದು ಆಂಪ್ಲಿಫೈಯರನ್ನು ಕಬ್ಬಿಣದ ಕುರ್ಚಿಯ ಮೇಲೆ ಕೂರಿಸಿದರು. ಮೊದಲ ಹಾಡು ನಿಧಾನದ್ದು, ಬೆರಳುಗಳಿಗೆ ಬಾಯಿಪಾಠ, ಹೇಗೋ ದಾಟಿದಳು. ಆದರೆ ತಾನು ಮೀಟಿದ್ದು ಎಲ್ಲಿಗೆ ಹೋಗುತ್ತಿದೆ ಎಂದೇ ಅವಳಿಗೆ ತಿಳಿಯುತ್ತಿರಲಿಲ್ಲ. ಬಾವಿಗೆ ಕಲ್ಲು ಹಾಕಿ ಸದ್ದಿಗಾಗಿ ಕಾದಂತೆ. ಎರಡನೆಯ ಹಾಡಿನಲ್ಲಿ ಗಾಯಕಿ ಹುಲಿಗೆಮ್ಮ ಚರಣವನ್ನು ಎಂದಿಗಿಂತ ಬೇಗ ಎತ್ತಿಕೊಂಡಳು. ಗಂಗಾಶ್ರೀ ಹಿಂದೆ ಉಳಿದಳು. ರೇಣುಕಾಪ್ರಸಾದ್ ಕಣ್ಣು ಕೆಂಪಗೆ ಮಾಡಿ ತಿರುಗಿದಾಗಲೇ ತಾಳ ತಪ್ಪಿದ್ದು ಅವಳಿಗೆ ಗೊತ್ತಾದದ್ದು. ಹಿಡಿಯಲು ಹೋಗಿ ಮುಂದೆ ಓಡಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಗಂಡಿನ ಕಡೆಯವರೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಕ್ಕರು.

ಮೂರನೆಯದಕ್ಕೆ ಅವಳು ಆಂಪ್ಲಿಫೈಯರಿಗೆ ಮೊಣಕಾಲು ಒತ್ತಿ ನಿಂತು, ಯಾರಿಗೂ ಕಾಣದ ಹಾಗೆ ಬಿರಡೆ ತಿರುಗಿಸಿ ಸದ್ದು ಏರಿಸಿದಳು. ಮೊಣಕಾಲಿಗೆ ಒಂದಿಷ್ಟು ನಡುಕ ಸಿಕ್ಕಿತು. ಇನ್ನಷ್ಟು ಏರಿಸಿದಳು. ನಡುಕ ತೊಡೆಗೆ ಬಂತು, ತಾಳ ಕೈಗೆ ಬಂತು, ಉಸಿರು ಸಲೀಸಾಯಿತು. ಆದರೆ ಜನರೆಲ್ಲ ಇತ್ತಲೇ ನೋಡುತ್ತಿದ್ದರು. ಒಬ್ಬಾಕೆ ಮಗುವಿನ ಕಿವಿ ಮುಚ್ಚಿದಳು. ಮೊಯಿನ್ ಕೂತಲ್ಲಿಂದಲೇ ಕೈ ಚಾಚಿ ಸದ್ದು ಇಳಿಸಿದ. ಅವಳು ಮತ್ತೆ ಏರಿಸಿದಳು. ಅವನು ಮತ್ತೆ ಇಳಿಸಿದ. ಹಾಡು ಮುಗಿಯುವ ಹೊತ್ತಿಗೆ ಅವಳ ಕೈ ಮೂರನೆಯ ಸಲ ಬಿರಡೆಯ ಕಡೆ ಹೋಗಿತ್ತು. ಮೊಯಿನ್ ಎದ್ದು ಬಂದು ಎದುರಿಗೆ ನಿಂತ. ಮುಖ ಬಿಳಿಚಿತ್ತು.

"ಅಕ್ಕ, ಪರಪರ ಅಂತ ಹೊಡ್ಕೋತಿದೆ, ಹರಿದೇ ಹೋಗ್ತದೆ. ನಿಮಗೆ ಕೇಳಿಸ್ತಿಲ್ವಾ?"

ಗಂಗಾಶ್ರೀ ಅವನ ತುಟಿ ನೋಡುತ್ತ ನಿಂತಳು. ಸುಳ್ಳು ಹೇಳಲು ಪುರುಸೊತ್ತಿರಲಿಲ್ಲ.

"ಇಲ್ಲ ಮೊಯಿನ್. ನಂಗೆ ಕೇಳ್ಸಲ್ಲ."

"ಏನು ಕೇಳ್ಸಲ್ಲ?"

"ಪರಪರ ಅನ್ನೋದು ಕೇಳ್ಸಲ್ಲ. ಹುಲಿಗೆಮ್ಮ ಹಾಡೋದೂ ಕೇಳ್ಸಲ್ಲ. ದಪ್ಪ ಸದ್ದು ಮೈಗೆ ಹತ್ತಿದ್ರೆ ಮಾತ್ರ ನುಡಿಸ್ತೀನಿ."

ಅವನು ಅವಳ ಮುಖ ನೋಡಿದ, ಆಮೇಲೆ ಬರಿಗಾಲು ನೋಡಿದ. ಹುಲಿಗೆಮ್ಮ ಆಗಲೇ ಮೈಕಿನಲ್ಲಿ ಮುಂದಿನ ಹಾಡಿನ ಹೆಸರು ಹೇಳಿಬಿಟ್ಟಿದ್ದಳು. ಮೊಯಿನ್ ಆಂಪ್ಲಿಫೈಯರನ್ನು ಕುರ್ಚಿಯಿಂದ ಎತ್ತಿ ಡ್ರಮ್ಸ್ ನುಡಿಸುವ ಹುಚ್ಚರಾಯಪ್ಪನ ಪಕ್ಕಕ್ಕೆ ಒಯ್ದು, ಬರೀ ಹಲಗೆಯ ಮೇಲೆ ಇಟ್ಟು ಸದ್ದನ್ನು ಅರ್ಧಕ್ಕೆ ಇಳಿಸಿದ. ಅವಳ ತೋಳು ಹಿಡಿದು ಅದೇ ಹಲಗೆಯ ಮೇಲೆ ನಿಲ್ಲಿಸಿದ. "ಇಲ್ಲಿ ನಿಲ್ರಿ. ನನ್ನ ಕಾಲು ನೋಡ್ತಿರಿ."

ಕೆಳಗೆ ಟೊಳ್ಳಾಗಿದ್ದ ಹಲಗೆ ಚಿಕ್ಕ ಪೆಟ್ಟಿಗೆಯ ನಾದವನ್ನು ಹಿಡಿದು ದೊಡ್ಡದು ಮಾಡಿತು. ಹುಚ್ಚರಾಯಪ್ಪನ ಕಾಲಿನ ಡ್ರಮ್ಮಿನ ಹೊಡೆತವೂ ಅದರಲ್ಲೇ ಬಂತು. ಮೊಯಿನ್ ತನ್ನ ಗಿಟಾರಿನ ಕಡೆ ಅರ್ಧ ಗಮನ ಇಟ್ಟು, ಎಡಗಾಲಿನಲ್ಲಿ ತಾಳ ಹಾಕುತ್ತ, ಚರಣ ಎತ್ತುವ ಮುನ್ನ ತಲೆಯಾಡಿಸುತ್ತಿದ್ದ. ಊಟಕ್ಕೆ ಎಲೆ ಹಾಕುವವರೆಗೂ ಅವಳು ಆ ಕಾಲಿನಿಂದ ಕಣ್ಣು ಕೀಳಲಿಲ್ಲ. ಕುತ್ತಿಗೆ ಕಲ್ಲಾಗಿತ್ತು.

ವ್ಯಾನಿನಲ್ಲಿ ಸಾಮಾನು ಹೇರುವಾಗ ಆಂಪ್ಲಿಫೈಯರನ್ನು ಮೈಕಿನ ಮುಂದಿನಿಂದ ತೆಗೆದದ್ದಕ್ಕೆ ರೇಣುಕಾಪ್ರಸಾದ್ ಮೊಯಿನ್‌ನನ್ನು ಬೈಯತೊಡಗಿದರು. ಕಾರಣವನ್ನು ಅವಳೇ ಹೇಳಿದಳು.

"ಇಷ್ಟು ವರ್ಷ ಮುಚ್ಚಿಟ್ಟೆಯಲ್ಲವ್ವ."

"ಹೇಳಿದ್ರೆ ಸೇರಿಸ್ಕೊಳ್ತಿದ್ರಾ, ಅಣ್ಣ?"

ಅವರು ವ್ಯಾನ್ ಹತ್ತಿದರು. ಶಿಕಾರಿಪುರ ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು.

ಆಮೇಲೆ ಕರೆಯೇ ಬರಲಿಲ್ಲ. ಎರಡು ಕಾರ್ಯಕ್ರಮಗಳಿಗೆ ಶಿವಮೊಗ್ಗದಿಂದ ಯಾರನ್ನೋ ಕರೆಸಿದರೆಂದು ಸುದ್ದಿ ಬಂತು. ಗಂಗಾಧರಪ್ಪ ಹೋಗಿ ಕೇಳುತ್ತೇನೆಂದು ಹೊರಟರು. ಅವಳು ತಡೆದು ತಾನೇ ಹೋದಳು. ರೇಣುಕಾಪ್ರಸಾದ್ ಯಾರಿಗೋ ಲಂಗದ ಬಟ್ಟೆ ಅಳೆಯುತ್ತಿದ್ದರು. ಗಿರಾಕಿಗಳ ನಡುವೆಯೇ ನಿಂತು ಕೇಳಿದಳು.

"ಸೊರಬದಲ್ಲಿ ನಾನು ಎಲ್ಲಿ ತಪ್ಪಿದೆ, ಹೇಳ್ರಿ."

"ಎರಡನೇ ಹಾಡಲ್ಲಿ."

"ಆಮೇಲೆ?"

ಅವರು ಕತ್ತರಿ ಕೆಳಗಿಟ್ಟರು. "ಮೂರನೇದು ಕಿವಿ ಹರಿಯೋ ಹಂಗಿತ್ತು. ಆಮೇಲೆ ತಪ್ಪಿಲ್ಲ."

"ಶಿವಮೊಗ್ಗದವರು ತಪ್ಪೋದೇ ಇಲ್ವಾ?"

ಗಿರಾಕಿ ಹೆಂಗಸು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಅವರು ತಲೆ ತಗ್ಗಿಸಿ ಏನೋ ಹೇಳಿದರು. ಗಂಗಾಶ್ರೀಗೆ ತುಟಿ ಕಾಣಲಿಲ್ಲ.

"ಮುಖ ಎತ್ತಿ ಹೇಳ್ರಿ, ಅಣ್ಣ."

ಅವರು ಮುಖ ಎತ್ತಿದರು. ಅದರಲ್ಲಿ ನಾಚಿಕೆಯಿತ್ತು. "ಭಾನುವಾರ ಉಡುತಡಿಯಲ್ಲಿ ಕಾರ್ಯಕ್ರಮ ಇದೆ. ಬಾ ಅಂದೆ."

ಕೀಬೋರ್ಡಿನವರೇ ಎಡಗೈಯಲ್ಲಿ ಬೇಸ್ ನುಡಿಸುವ ಕಾಲ ಬಂದು, ಆರ್ಕೆಸ್ಟ್ರಾಗಳು ಆಳುಗಳನ್ನು ಕಡಿಮೆ ಮಾಡುವವರೆಗೆ, ಆ ದಶಕದ ಕೊನೆಯ ತನಕ ಅವಳು ನುಡಿಸಿದಳು. ಮೊಯಿನ್‌ನ ಆಂಪ್ಲಿಫೈಯರಿನ ಕಾಗದ ಸೊರಬದಲ್ಲಿ ಸ್ವಲ್ಪ ಹರಿದಿತ್ತು; ತಿಂಗಳಿಗೊಮ್ಮೆಯಾದರೂ ಅವನು ಅದರ ಮಾತು ಎತ್ತುತ್ತಿದ್ದ. ಉಳಿದವರು ಅವಳಿಗೆ ಏನಾದರೂ ಹೇಳಬೇಕಾದರೆ ಎದುರಿಗೆ ಬಂದು ನಿಲ್ಲುವುದನ್ನು ಕಲಿತರು. ಹುಲಿಗೆಮ್ಮ ಮಾತ್ರ ಕೊನೆಯವರೆಗೂ ಹಿಂದಿನಿಂದಲೇ ಕರೆದು, ಆಮೇಲೆ ನೆನಪಾಗಿ, ಗೊಣಗುತ್ತ ಸುತ್ತುಹಾಕಿಕೊಂಡು ಬರುತ್ತಿದ್ದಳು.