ನೆರಳಿನ ಫೋಟೋಗ್ರಾಫರು

ಕಡಲತೀರದಲ್ಲಿ ಸೂರ್ಯ ಮುಳುಗುವುದು ತಮ್ಮ ಅಪ್ಪಣೆಯಿಂದಲೇ ಎಂದು ನಮ್ಮ ನೆರಳಿನ ಫೋಟೋಗ್ರಾಫರು ನಂಬಿದಂತಿತ್ತು. ಜನರನ್ನು ಸೂರ್ಯನಿಗೆ ಅಡ್ಡ ನಿಲ್ಲಿಸಿ, ಬರೀ ಕಪ್ಪು ಆಕೃತಿಗಳನ್ನಾಗಿ ಹಿಡಿಯುವುದು ಅವರ ಕಸುಬು. ಮರಳಿನ ಮೇಲೆ ಮೊಸಳೆಯ ಹಾಗೆ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ ಹುಕುಂ ಹೊರಡಿಸುತ್ತಿದ್ದರು: “ಅಣ್ಣಾ, ಉಸಿರು ಎಳ್ಕೊಳಿ. ನೆರಳಲ್ಲಿ ಮೊದ್ಲು ಕಾಣೋದೇ ಹೊಟ್ಟೆ.” ಹೊಸ ದಂಪತಿಗಳಾದರೆ ಸೂರ್ಯನನ್ನು ಅಂಗೈಯಲ್ಲಿ ಹಿಡಿದೇ ತೀರಬೇಕು. “ಗಟ್ಟಿಯಾಗಿ ಹಿಡ್ಕೊಳಿ, ಸುಡಲ್ಲ,” ಎಂದು ಧೈರ್ಯವನ್ನೂ ತುಂಬುವರು. ಮೋಡ ಅಡ್ಡ ಬಂದರೆ, ಅಳಿಯ ಮುನಿಸಿಕೊಂಡಾಗಿನ ಮಾವನಂತೆ ಪೆಚ್ಚಾಗುವರು. ಅಂಗಿ ತೋಯಿಸಿದ ಅಲೆಗೂ ಅವರ ಬೈಗುಳ ತಪ್ಪಿದ್ದಲ್ಲ. ಹೆಂಗಸರಿಗೆಲ್ಲ ಒಂದೇ ಮಾತು: “ಕೂದ್ಲು ಬಿಚ್ಚಿ ಗಾಳಿಗೆ ಬಿಡಿ.” ಒಂದು ಸಂಜೆ, ತಲೆಗೆ ಬಟ್ಟೆ ಸುತ್ತಿಕೊಂಡು ಮಗಳೊಂದಿಗೆ ಬಂದ ತಾಯಿಯೊಬ್ಬರಿಗೂ ಅಭ್ಯಾಸಬಲದಿಂದ ಅದನ್ನೇ ಕೂಗಿದರು. ಮಗಳ ಮುಖ ಬಿಳುಚಿತು. ತಾಯಿ ಮಾತ್ರ ನಿಧಾನವಾಗಿ ಬಟ್ಟೆ ಬಿಚ್ಚಿ, “ಔಷಧಿ ಎಲ್ಲಾ ಉದುರಿಸಿಬಿಡ್ತು ಕಣಪ್ಪಾ. ಗಾಳಿಗೆ ಬಿಡೋಕೆ ಇದೊಂದೇ ಇರೋದು,” ಎಂದು ಆ ಬಟ್ಟೆಯನ್ನೇ ಎತ್ತಿ ಹಿಡಿದರು. ಅದು ಪಟಪಟನೆ ಹಾರಾಡಿದ್ದು ಕಂಡು ಅವರಿಗೇ ನಗು ಬಂತು. ಮಗಳೂ ಅಳುತ್ತಲೇ ನಕ್ಕಳು. ಫೋಟೋಗ್ರಾಫರು ಎದ್ದರು. ಮೈಗಂಟಿದ ಮರಳನ್ನೂ ಕೊಡವದೆ ಅವರಿಬ್ಬರನ್ನು ಬಳಸಿಕೊಂಡು ಹೋಗಿ, ಮಂಡಿಯುದ್ದ ನೀರಿಗಿಳಿದು, ಸೂರ್ಯನಿಗೆ ತಾವೇ ಬೆನ್ನು ಹಾಕಿ ನಿಂತರು. “ಇಬ್ರೂ ಈ ಕಡೆ ತಿರುಗಿ,” ಎಂದು ಮೆಲ್ಲಗೆ ಹೇಳಿದರು. “ನಂಗೆ ನಿಮ್ಮ ಮುಖ ಬೇಕು.”