ಮನೆ ನೋಡಿ ಮೀನು ಕೊಡುವವರು

ಭಾಲ್ಕಿಯಲ್ಲಿ ಬಣ್ಣದ ಮೀನು ಮಾರುತ್ತಿದ್ದ ಒಬ್ಬರು, ಗಿರಾಕಿ ಯಾವ ಮೀನು ಕೇಳಿದರೂ ಕನ್ನಡಕ ಹಣೆಗೇರಿಸಿ, “ನೀರಾಗ ಈಗ ಯಾರ್ಯಾರು ಅದಾರ್ರಿ?” ಎನ್ನುತ್ತಿದ್ದರು. ಉತ್ತರ ಹಿಡಿಸದಿದ್ದರೆ ಮೀನಿಲ್ಲ.

ನನಗೆ ಗೋಲ್ಡ್‌ಫಿಶ್ ಜೋಡಿಯೊಂದು ಬೇಕಿತ್ತು. ಮನೆಯಲ್ಲಿದ್ದದ್ದು ಗಾಜಿನ ಬೋಗುಣಿ, ಅದರಲ್ಲಿ ನಾಲ್ಕು ಟೈಗರ್ ಬಾರ್ಬ್ ಮೀನುಗಳು. “ಮೂರು ಫೂಟಿನ ಟ್ಯಾಂಕ್ ಅದರಿ, ಖಾಲಿ ಅದ,” ಎಂದು ಸುಳ್ಳು ಹೇಳಿದೆ.

“ಹಂಗಾರ ಐತ್ವಾರ ಬರ್ತೇನ್ರಿ. ನೋಡೇ ಕೊಡ್ತೇನಿ.”

ಭಾನುವಾರ ಮೀನಿನ ಚೀಲವನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಹಲಬರ್ಗಾಕ್ಕೆ ಬಂದೇಬಿಟ್ಟರು. ಬೋಗುಣಿಗೆ ಒಂದು ಸುತ್ತು ಹಾಕಿದರು. ಅವ್ವ ಕೊಟ್ಟ ಚಹಾ ಕುಡಿದರು. “ಇವು ಬಾಲ ಕಡೀತಾವ್ರಿ. ಅಡ್ಡಾಡ್ಲಾಕ ಜಾಗಾನೂ ಇಲ್ಲ. ನಾ ಕೊಡಂಗಿಲ್ರಿ,” ಎಂದರು. ನನ್ನ ಸುಳ್ಳಿನ ಮಾತೇ ಎತ್ತದೆ, ಮೀನಿನ ಸಮೇತ ಮುಂದಿನ ಬಸ್ಸು ಹತ್ತಿದರು.

“ಮಗಳನ್ನ ಕೊಡೋರಂಗ ಮಾಡ್ತಾನಲ್ಲೋ!” ಎಂದು ಅಪ್ಪ ಬಿದ್ದು ಬಿದ್ದು ನಕ್ಕರು.

ಮುಂದಿನ ವರ್ಷ ಅಕ್ಕನಿಗೆ ಔರಾದ ಕಡೆಯ ಸಂಬಂಧ ಬಂತು. ವರನ ಮನೆ ನೋಡಲು ಹೊರಟ ಅಪ್ಪ, ಜೀಪನ್ನು ಮೀನಿನಂಗಡಿಯ ಮುಂದೆ ನಿಲ್ಲಿಸಿ ಅವರನ್ನೂ ಹತ್ತಿಸಿಕೊಂಡರು.

ಅಲ್ಲಿ ಹಿರಿಯರೆಲ್ಲ ಹೊಲ, ಬೋರ್‌ವೆಲ್ ಎಂದು ವಿಚಾರಿಸುತ್ತಿದ್ದಾಗ ಇವರ ಕನ್ನಡಕ ಹಣೆಗೇರಿತು. “ಅದೆಲ್ಲ ಇರ್ಲಿರಿ. ಮನಿಯಾಗ ಯಾರ್ಯಾರು ಅದಾರ್ರಿ? ಜಗಳಗಂಟರು ಯಾರಾರ?”

ಪಡಸಾಲೆಯ ಮೂಲೆಯಲ್ಲಿ ಕೂತಿದ್ದ ವರನ ಅಜ್ಜಿ ಕೈಯೆತ್ತಿ, ಬೊಚ್ಚುಬಾಯಿ ಬಿಟ್ಟು ನಕ್ಕಳು. “ನಾ ಒಬ್ಬಾಕಿ ಇದ್ನೆಪ್ಪಾ. ಈಗ ಹಲ್ಲು ಬಿದ್ದಾವ.”

ಮೀನಿನವರು ಅಪ್ಪನ ಕಡೆ ತಿರುಗಿದರು.

“ಕೊಡ್ರಿ.”