ಮೀನ ಬಿಡ್ರಿ, ನೀರ ನೋಡ್ರಿ

ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಶಿವಶರಣಪ್ಪನ ಮನೆಗೆ ಹೋದವರು ಚಹಾಕ್ಕೂ ಮೊದಲು ಗೋಲ್ಡ್‌ಫಿಶ್ ತೊಟ್ಟಿಯ ಮುಂದೆ ನಿಲ್ಲಲೇಬೇಕು. ಮೀನು ಚಂದ ಎಂದರೆ ಅವನಿಗೆ ಸಮಾಧಾನವಿಲ್ಲ, "ಮೀನ ಬಿಡ್ರಿ, ನೀರ ನೋಡ್ರಿ!" ಎನ್ನುತ್ತಾನೆ. ನಾಲ್ಕು ದಿನಕ್ಕೊಮ್ಮೆ ನಳ ಬಂದಾಗ ಮೊದಲ ಎರಡು ಕೊಡ ಮೀನಿಗೇ ಮೀಸಲು. ಕ್ಲೋರಿನ್ ಹೋಗಲೆಂದು ಆ ಕೊಡಗಳು ಒಂದು ದಿನ ಅಂಗಳದಲ್ಲಿ ಬಾಯಿ ತೆರೆದು ಕೂತಿರುತ್ತವೆ. ಹೆಂಡತಿ ಶೈಲಾ ಮರೆತು ಆ ನೀರಿನಲ್ಲಿ ಬೇಳೆ ತೊಳೆದ ದಿನ ಅವನು ಊಟಕ್ಕೇ ಕೂರಲಿಲ್ಲ. ತಿಕೋಟಾದ ಬೀಗರು ಅಕ್ಕರೆಯಿಂದ ರೊಟ್ಟಿಯ ಚೂರು ಹಾಕಲು ಹೋದರೆ, "ನೀವು ಬೇಕಾದಷ್ಟು ತಿನ್ರಿ, ಅವಕ್ಕ ಮಾತ್ರ ಹಾಕಬ್ಯಾಡ್ರಿ, ನೀರ ಕೆಡತೈತಿ" ಎಂದು ಕೈ ಮುಗಿದ. ಅವನ ಸ್ಕೂಟರಿನ ಧೂಳಿನಲ್ಲಿ ಹೆಸರು ಬರೆಯಬಹುದು. ತೊಟ್ಟಿಯ ಗಾಜಿನ ಮೇಲೆ ಮಾತ್ರ ಒಂದು ಬೆರಳಿನ ಗುರುತೂ ಇರಕೂಡದು. ತೊಟ್ಟಿಯ ಎದುರಿಗೇ ತಾಯಿ ಗುರುಸಿದ್ದವ್ವನ ಮಂಚ. ಕಣ್ಣು ಮಬ್ಬಾಗಿ ಮಕ್ಕಳ ಮುಖವೂ ಕಾಣದ ಆಕೆಗೆ ಆ ಕೆಂಪು ಮೀನುಗಳ ಓಡಾಟವೊಂದು ಕಾಣುತ್ತಿತ್ತು. ಮೊನ್ನೆ ಆಕೆ, "ಯಪ್ಪಾ, ಯಾಕೋ ಮೀನ ಕಾಣವಲ್ವು" ಎಂದಳು. ಮೀನುಗಳು ಎಂದಿನಂತೆ ಓಡಾಡುತ್ತಿದ್ದವು, ಮುಂಜಾನೆಯಷ್ಟೇ ಬದಲಿಸಿದ ನೀರು ಹರಳಿನಂತೆ ತಿಳಿಯಾಗಿತ್ತು. ಶಿವಶರಣಪ್ಪ ಅದನ್ನೊಮ್ಮೆ ನೋಡಿ, ಬಕೆಟ್ ಎತ್ತಿಕೊಂಡು, "ನೀರ ಹೊಲಸಾಗೈತಿ ಬೇ ಯವ್ವಾ, ಈಗ ತೊಳಿತೇನಿ" ಎಂದ.